ಸಂಬಳದ ದಿನದ ಬೋಂಡಾ

ಇನ್ನೂ ಆಣೆ ಚಲಾವಣೆಯಲ್ಲಿದ್ದ ಕಾಲ. ಶಿರಾದ ಕಡಲೆಕಾಯಿ ಎಣ್ಣೆ ಮಿಲ್ಲೊಂದರಲ್ಲಿ ಕದಿರಯ್ಯನ ಸೇವೆಗೆ ಹನ್ನೆರಡು ವರ್ಷ ತುಂಬಿತ್ತು. ಬರುವ ಯುಗಾದಿಗೆ ಕೆಲಸದಿಂದ ಬಿಡುಗಡೆ. ಮುಪ್ಪಿನ ನಿಧಿಗೆಂದು ಮಿಲ್ಲಿನವರು ತಿಂಗಳಿಗೊಂದು ರೂಪಾಯಿ ಅವನ ಸಂಬಳದಲ್ಲಿ ಹಿಡಿಯುತ್ತಿದ್ದರು. ಆ ಗಂಟು ಕೈಗೆ ಬಂದೊಡನೆ ಮನೆಯ ಹುಲ್ಲು ಕಿತ್ತೆಸೆದು ಹೆಂಚು ಹೊದಿಸಬೇಕೆಂಬುದೊಂದೇ ಅವನ ಆಸೆ.

ಅಂದು ಸಂಬಳದ ದಿನ. ಗುಮಾಸ್ತ ನಂದೀಶ್ವರಯ್ಯನ ಮೇಜಿನ ಮುಂದೆ ನಿಂತು ಕದಿರಯ್ಯ ತನ್ನ ಗಂಟು ಎಷ್ಟಾಗಿದೆಯೆಂದು ಕೇಳಿದ. ನೂರಿಪ್ಪತ್ತಾರು ರೂಪಾಯಿ ಎಂಬ ಉತ್ತರ ಬಂತು. ನೂರನಲವತ್ತನಾಲ್ಕು ಇರಬೇಕಾದಲ್ಲಿ ಹದಿನೆಂಟು ಕಡಿಮೆ. ರೂಪಾಯಿಗೆ ಎರಡಾಣೆ ಮೇಲ್ಖರ್ಚಿಗೆ ಹೋಗುತ್ತದೆಂದು ಗುಮಾಸ್ತ ತಲೆಯೆತ್ತದೆ ಹೇಳಿದ.

“ಯಾತರ ಮೇಲ್ಖರ್ಚು ಸ್ವಾಮಿ?”

“ಸಂಬಳದ ದಿನ ಬೋಂಡಾ ತಿಂತೀಯಲ್ಲ, ಅದೇನು ಗಾಳಿ ಬೀಸಿದಾಗ ಮರದಿಂದ ಉದುರ್ತದೇನಯ್ಯ?”

ಕದಿರಯ್ಯ ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿದ. ಆ ಬೋಂಡಾ ಸಾಹುಕಾರರ ಔದಾರ್ಯವೆಂದೇ ಮಿಲ್ಲಿನ ನಲವತ್ತು ಮಂದಿಯೂ ನಂಬಿದ್ದರು. ಕದಿರಯ್ಯನಂತೂ “ಸಾವ್ಕಾರ್ರ ಹೊಟ್ಟೆ ತಣ್ಣಗಿರ್ಲಿ” ಎಂದು ಹರಸದೆ ಒಮ್ಮೆಯೂ ಬಾಯಿಗಿಟ್ಟವನಲ್ಲ.

“ಲೇ, ಕೇಳ್ರಲಾ,” ಎಂದ ಜೊತೆಯವರ ನಡುವೆ ನಿಂತು. “ನಮ್ ಮುಪ್ಪನ್ನೇ ಎಣ್ಣೇಗೆ ಬುಟ್ಟು ಕರ್ದು, ನಮಗೇ ತಿನ್ನಿಸ್ತಾ ಅವ್ರೆ. ನಮ್ಮನೆ ಒಂದು ಮಗ್ಗುಲ ಹೆಂಚು ನನ್ ಹೊಟ್ಟೇಲಿ ಅದೆ ಕಣ್ಲಾ.”

ಯಾರಿಗೂ ಸಿಟ್ಟು ಬರಲಿಲ್ಲ. ಚೀಲ ಹೊಲಿಯುವ ಫಕ್ರುದ್ದೀನ್ ಸಮಾಧಾನವಾಗಿ, “ದುಡ್ಡು ಹೆಂಗೂ ನಮ್ದೇ ಅಂತಾಯ್ತಲ್ಲ ಕದಿರಣ್ಣ, ಎರಡು ಬೋಂಡಾದ ಬದ್ಲು ಮೂರು ಕೇಳಾವ” ಎಂದ. ಮೂಟೆ ಹೊರುವ ಬೋರಯ್ಯ ಚಟ್ನಿಯ ಪ್ರಸ್ತಾಪವೆತ್ತಿದ.

ಕದಿರಯ್ಯ ನೇರವಾಗಿ ಸಾಹುಕಾರರ ಬಳಿಗೇ ಹೋದ. ಅವರು ದಿಂಬಿಗೊರಗಿಕೊಂಡೇ, ನಲವತ್ತು ಜನವೂ ಒಪ್ಪಿ ಹೆಬ್ಬೆಟ್ಟೊತ್ತಿದರೆ ಬೋಂಡಾವೂ ಇಲ್ಲ, ಎರಡಾಣೆಯೂ ಇಲ್ಲ ಎಂದರು. ಅಂದು ಒಂದೊಂದು ಹೆಬ್ಬೆಟ್ಟಿಗೂ ಅವನು ಪಟ್ಟ ಪಾಡು ಹೇಳತೀರದು. ಬೋರಯ್ಯನ ಹೆಬ್ಬೆಟ್ಟಿಗೆ ಮಧ್ಯಾಹ್ನದ ಮುದ್ದೆ ಹೋಯಿತು. ಉಳಿದವರಿಗೆ ಬೀಡಿಯ ಕಟ್ಟುಗಳು ಹೋದವು. ಕೊನೆಯವನಾದ ಫಕ್ರುದ್ದೀನನಿಗೆ ಕೊಟ್ಟದ್ದು ಹೆಗಲ ಮೇಲಿನ ಹೊಸ ಟವಲು. ತೋವಿನಕೆರೆಯ ಕಡೆ ಈ ಕತೆ ಹೇಳುವವರು ಕೊಟ್ಟದ್ದು ಟವಲಲ್ಲ, ಚಪ್ಪಲಿ ಎನ್ನುತ್ತಾರೆ. ಅಂತೂ ಮೇಲ್ಖರ್ಚು ರದ್ದಾಯಿತು.

ಅಷ್ಟರಲ್ಲಿ ಅವನ ನೆರೆಮನೆಯ ದೊಡ್ಡಕ್ಕ ಎಂದಿನಂತೆ ಬೋಂಡಾದ ಬುಟ್ಟಿ ಹೊತ್ತು ಬಂದಳು. ಕದಿರಯ್ಯ ಗೇಟಿಗೆ ಅಡ್ಡ ನಿಂತ.

“ವಾಪಸ್ ತಗೊಂಡೋಗು.”

“ಅಲ್ಲ ಕದಿರಣ್ಣ, ಇದು ಯಾರ ಮನೇದು ಅಂತ...”

“ಯಾರ ಮನೇದಾದ್ರೆ ನನಗೇನಮ್ಮ? ನಲವತ್ತು ಸಂಸಾರದ ಗಂಟು ತಿಂದೋಳು. ಆ ಕಳ್ಳಿ ಇನ್ನೊಂದ್ಸಲ ಬಾಣಲಿ ಇಟ್ರೆ ಕೈಗೆ ಕೋಳ ಹಾಕಿಸ್ತೀನಿ ಅಂತ ಹೇಳೋಗು.”

ದೊಡ್ಡಕ್ಕ ಒಂದು ಗಳಿಗೆ ಅವನ ಮುಖ ನೋಡಿ, ಸೆರಗಿನಲ್ಲಿ ನಗು ಮುಚ್ಚಿಕೊಂಡು ಹಿಂದಿರುಗಿದಳು.

ಹಸಿದ ಹೊಟ್ಟೆ, ಬರಿಯ ಹೆಗಲು, ಗೆದ್ದ ಮುಖ ಹೊತ್ತು ಅವನು ಸಂಜೆ ಮನೆಗೆ ಬಂದ. ನಡುಮನೆಯಲ್ಲಿ ಆ ಬುಟ್ಟಿಯೇ ಕುಳಿತಿತ್ತು. ಅದರ ಹಿಂದೆ ಹೆಂಡತಿ ರಾಮಾಂಜಿನಮ್ಮ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿಕೊಂಡು.

“ಹಾಕಿಸು ಕೋಳ,” ಎಂದಳು.

ಹಗಲೆಲ್ಲ ಎಣ್ಣೆಯಲ್ಲೇ ಮುಳುಗೇಳುತ್ತಿದ್ದ ಮನುಷ್ಯನಿಗೆ ತನ್ನ ಮನೆಯ ಎಣ್ಣೆಯ ವಾಸನೆ ಹನ್ನೆರಡು ವರ್ಷವೂ ತಿಳಿದಿರಲಿಲ್ಲ.

“ಹೆಂಡ್ರು ದುಡಿಮೇಲಿ ಹೊದ್ಸಿದ ಮನೇಲಿ ಮಲಗಲ್ಲ ಅಂತಿದ್ದಲ್ಲ, ಅದ್ಕೇ ಹೇಳ್ಲಿಲ್ಲ ಕಣಯ್ಯ. ನಲವತ್ತು ಜನದ ಎರಡಾಣೇನೂ ಈ ಮನೇಗೇ ಬತ್ತಿತ್ತು. ನಿನ್ ಗಂಟೊಂದೇ ಹೆಂಚಿಗೆ ಸಾಲ್ದು ಅಂತ ಹೆಂಚಿನೋನಿಗೆ ಮುಂಗಡ ಕೊಟ್ಟಿವ್ನಿ. ಯುಗಾದಿಗಂಟ ಕರಿದಿದ್ರೆ ಬಾಕೀನೂ ತೀರ್ತಿತ್ತು. ಇನ್ನು ಮುಂಗಡಾನೂ ಹೋಯ್ತು, ಹೆಂಚೂ ಹೋಯ್ತು.”

ಕದಿರಯ್ಯ ತಲೆಯೆತ್ತಿ ಮಾಡು ನೋಡಿದ. ಹುಲ್ಲಿನ ಸಂದಿಯಿಂದ ಆಕಾಶ ಕಾಣುತ್ತಿತ್ತು. ಬೆಳಗಿನಿಂದ ಅನ್ನ ಕಾಣದ ಹೊಟ್ಟೆ ಎಳೆದಂತೆ, ಬುಟ್ಟಿಯಿಂದ ತಣ್ಣಗಿನ ಬೋಂಡಾ ಒಂದನ್ನೆತ್ತಿಕೊಂಡ. ಬಾಯಿಗೆ ತರುವಷ್ಟರಲ್ಲಿ ರೂಢಿಯ ಮಾತು ತಾನಾಗಿಯೇ ಹೊರಟಿತು:

“ಸಾವ್ಕಾರ್ರ ಹೊಟ್ಟೆ ತಣ್ಣಗಿರ್ಲಿ.”

ರಾಮಾಂಜಿನಮ್ಮ ಅವನ ಕೈಯಿಂದ ಬೋಂಡಾ ಕಿತ್ತು ಮತ್ತೆ ಬುಟ್ಟಿಗೆ ಹಾಕಿದಳು.