ಮುನ್ನಡೆಸುವವರ ಸಾಲು

ನಮ್ಮ ಸಂಸಾರದಲ್ಲಿ ನನ್ನ ಮಾತು ನಡೆಯುತ್ತಿದ್ದ ಜಾಗ ಒಂದೇ ಒಂದು; ಅದೂ ಮನೆಯೊಳಗಿರಲಿಲ್ಲ, ಹಳೆಯ ಡ್ಯಾನ್ಸ್ ಹಾಲಿನ ಮರದ ನೆಲದ ಮೇಲಿತ್ತು. ಕಿಟಕಿ ತೆರೆಯಬೇಕೋ ಮುಚ್ಚಬೇಕೋ, ನನಗೆ ಹಸಿವಾಗಿದೆಯೋ ಇಲ್ಲವೋ, ಎಲ್ಲವನ್ನೂ ತೀರ್ಮಾನಿಸುವವಳು ನನ್ನ ಹೆಂಡತಿ. (ಅವಳು ಕಾರು ಓಡಿಸುವುದನ್ನು ಕಲಿಸುತ್ತಾಳೆ. ನಾನು ಮನೆಯಲ್ಲಿ ಸ್ವಲ್ಪ ಜೋರಾಗಿ ನಡೆದರೂ ಸೋಫಾದ ಮೇಲೆ ಕೂತ ಅವಳ ಬಲಗಾಲು ಬ್ರೇಕ್ ಒತ್ತುತ್ತದೆ.) ಆದರೆ ಸ್ವಿಂಗ್ ನೃತ್ಯದಲ್ಲಿ ಒಬ್ಬರು ಮುನ್ನಡೆಸಬೇಕು, ಇನ್ನೊಬ್ಬರು ಹಿಂಬಾಲಿಸಬೇಕು. ಅಲ್ಲಿ ಮುನ್ನಡೆಸುತ್ತಿದ್ದವನು ಸಾಕ್ಷಾತ್ ನಾನು! ಆ ಸುಖದ ನೆನಪಿನಲ್ಲೇ ಇಷ್ಟು ವರ್ಷ ಸಂಸಾರ ತೂಗಿಸಿಕೊಂಡು ಬಂದಿದ್ದೇನೆ.

ಆಹಾ, ಆ ದಿನಗಳು! ಬೋಳುತಲೆಯ ಮುದುಕರ ಬ್ಯಾಂಡು. ಅವರು ನುಡಿಸುತ್ತಿದ್ದುದು ಅವರಿಗಿಂತಲೂ ಹಳೆಯ ಜಾಝ್. ಡ್ರಮ್ಮಿನವನು ತಾಳವನ್ನು ನೆಟ್ಟಗೆ ಬಡಿಯುತ್ತಿರಲಿಲ್ಲ. ಒಂದು ಪೆಟ್ಟನ್ನು ಎಳೆದು, ಮುಂದಿನದನ್ನು ಚುಟುಕಾಗಿ ಮುಗಿಸಿ, ಉಯ್ಯಾಲೆಯ ಹಾಗೆ ತೂಗುತ್ತಿದ್ದ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಮರಗಟ್ಟಿದ ನನ್ನ ಕಾಲುಗಳು ಅದನ್ನು ಕೇಳಿದ್ದೇ ತಡ ಚಾರ್ಲ್‌ಸ್ಟನ್ ಒದೆತ ಶುರುಮಾಡುತ್ತಿದ್ದವು. ಜಾಗವಿದ್ದರೆ ಲಿಂಡಿ ಹಾಪ್: ಜೊತೆಗಾತಿಯನ್ನು ತೋಳಳತೆಗೆ ಬೀಸಿ ಕಳಿಸಿ ಮತ್ತೆ ಸೆಳೆದುಕೊಳ್ಳುವುದು. ಜನ ಕಿಕ್ಕಿರಿದಿದ್ದರೆ ಬಾಲ್ಬೋವಾ: ಒಬ್ಬರಿಗೊಬ್ಬರು ಅಂಟಿಕೊಂಡು, ನಿಂತಲ್ಲೇ ಪುಟ್ಟಪುಟ್ಟ ಹೆಜ್ಜೆ. ನನಗಂತೂ ಜನ ಕಿಕ್ಕಿರಿದ ಸಂಜೆಗಳೇ ಇಷ್ಟ. ನನ್ನ ಹೆಂಡತಿಯ ಕೂದಲಿನ ಸೋಪಿನ ವಾಸನೆ ಈಗಲೂ ಮೂಗಿನಲ್ಲಿದೆ.

ಹೀಗಿರುವಾಗ, ವರ್ಷಗಟ್ಟಲೆ ಬೀಗ ಬಿದ್ದಿದ್ದ ಆ ಹಾಲು ಮತ್ತೆ ತೆರೆಯುತ್ತದೆಂಬ ಸುದ್ದಿ ಬಂತು. ಮೊದಲ ಸಂಜೆಯ ನೃತ್ಯವನ್ನು ಹಳೆಯ ಕಾಲದ ಒಂದು ಜೋಡಿ ಆರಂಭಿಸಬೇಕಂತೆ. ಅಭ್ಯಾಸದ ತರಗತಿಗೆ ಬಂದವರಲ್ಲಿ ಟೀಚರ್ ಆರಿಸುತ್ತಾರಂತೆ.

“ಆ ಜೋಡಿ ನಾವೇ,” ಎಂದು ಘೋಷಿಸಿದೆ.

“ಯಾರು ಆರಿಸಿದ್ರು?”

“ಆರಿಸ್ತಾರೆ. ನನ್ನ ಹಾಗೆ ಮುನ್ನಡೆಸೋರು ಈ ಊರಲ್ಲಿ ಇನ್ಯಾರಿದ್ದಾರೆ ಹೇಳು?”

ಅವಳು ಏಕೋ ಕೆಮ್ಮಿದಳು. “ಮೊದ್ಲು ಆ ಹಳೇ ಪ್ಯಾಂಟಿನ ಗುಂಡಿ ಹಾಕ್ಕೊಂಡು ತೋರ್ಸಿ.”

ಗುಂಡಿ ಹಾಕಲಾಗಲಿಲ್ಲ, ಆ ಮಾತು ಬೇರೆ. ಅಂಗಡಿಗೆ ಬಂದವರನ್ನೆಲ್ಲ ನಮ್ಮ ನೃತ್ಯಕ್ಕೆ ಆಹ್ವಾನಿಸಿದೆ. ಮಗಳಂತೂ ಫೋನಿನಲ್ಲಿ, “ಬಂದೇ ಬರ್ತೀನಪ್ಪಾ, ಅಮ್ಮ ನಿಮ್ಮ ಮಾತು ಕೇಳೋದನ್ನ ನಾನು ಜನ್ಮದಲ್ಲಿ ನೋಡಿಲ್ಲ,” ಎಂದಳು. ಇನ್ನು ಇದು ನನ್ನ ಮಾನದ ಪ್ರಶ್ನೆಯಾಯಿತು.

ತರಗತಿಯ ಟೀಚರ್ ನಮ್ಮ ಮಗಳಿಗಿಂತ ಚಿಕ್ಕವಳು. ಅವಳು ರೆಕಾರ್ಡು ಹಾಕಿದಳು. ನಾನೂ ನನ್ನ ಹೆಂಡತಿಯೂ ಕುಣಿದೆವು ನೋಡಿ, ಉಳಿದವರು ತಮ್ಮ ಹೆಜ್ಜೆ ಮರೆತು ನಿಂತರು. ನಾನು ಗಾಂಭೀರ್ಯದಿಂದ ಟೀಚರ್ ಕಡೆ ನೋಡಿದೆ. ಅವಳು ಚಪ್ಪಾಳೆ ತಟ್ಟಿ, “ಜೊತೆ ಬದಲಾಯಿಸಿ!” ಎಂದುಬಿಟ್ಟಳು.

ಒಂದು ಹಾಡು ಮುಗಿದೊಡನೆ ಹಿಂಬಾಲಿಸುವವರು ಪಕ್ಕದವರ ಬಳಿಗೆ ಸರಿಯಬೇಕಂತೆ. ಇದ್ಯಾವ ಪದ್ಧತಿ? ಆ ಕಾಲದಲ್ಲಿ ನನ್ನ ಹೆಂಡತಿ ನನ್ನನ್ನು ಇನ್ನೊಬ್ಬಳ ಜೊತೆ ಕುಣಿಯಲು ಬಿಟ್ಟವಳೇ ಅಲ್ಲ. (ಅದನ್ನು ಹೊಟ್ಟೆಕಿಚ್ಚೆಂದು ಬಗೆದು ಬೀಗುತ್ತಿದ್ದೆ.) ನನ್ನ ಪಾಲಿಗೆ ನಮ್ಮೂರಿನ ದಂತವೈದ್ಯೆ ಬಂದರು. ಟ್ರಂಪೆಟ್ ಏರಿತು. ಅವರು ನನ್ನ ಸೂಚನೆಗಾಗಿ ಕಾದು ನಿಂತರು. ನಾನೂ ಕಾದು ನಿಂತೆ. ಯಾವುದಕ್ಕೆಂದು ನನಗೇ ಗೊತ್ತಿಲ್ಲ!

“ನಡೆಸಿ ಸಾರ್,” ಎಂದರು ದಂತವೈದ್ಯೆ.

ನಡೆಸಿದೆ. ನೇರವಾಗಿ ಅವರ ಪಾದದ ಮೇಲೆ. ಗಾಬರಿಯಲ್ಲಿ ತೋಳು ಬೀಸಿದೆ. ಅವರು ಕೋಟು ನೇತುಹಾಕುವ ಕಂಬವನ್ನು ಅಪ್ಪಿಕೊಂಡು ನಿಂತರು. ಅತ್ತ ನೋಡಿದರೆ, ಎಂದೂ ಕುಣಿಯದ ನಮ್ಮ ಬೀದಿಯ ಬೇಕರಿಯವನು ನನ್ನ ಹೆಂಡತಿಯ ಜೊತೆ ಗಾಳಿಯಲ್ಲಿ ತೇಲುತ್ತಿದ್ದಾನೆ! ಅವನ ಮುಖದಲ್ಲಿ ಎಂಥ ಗರ್ವ! ಆ ಗರ್ವ ನನಗೆ ಬಹಳ ಪರಿಚಿತವಾದದ್ದು.

ಹೆಂಡತಿಯನ್ನು ಮೂಲೆಗೆ ಕರೆದೆ. “ಹಾಗಾದ್ರೆ ಇಷ್ಟು ವರ್ಷ…”

“ತಿರುಗಬೇಕಾದಾಗ ನಿಮ್ಮ ಹೆಬ್ಬೆರಳು ಒತ್ತುತ್ತಿದ್ದೆ. ನಿಲ್ಲಬೇಕಾದಾಗ ಭುಜ ಹಿಡೀತಿದ್ದೆ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ನೀವು ಅಷ್ಟು ಖುಷಿಯಾಗಿರ್ತಿದ್ರಿ, ಹೇಗೆ ಹೇಳ್ಲಿ?”

“ಮತ್ತೆ ಬೇರೆಯವರ ಜೊತೆ ಕುಣಿಯೋಕೆ ಬಿಡದೆ ಹೊಟ್ಟೆಕಿಚ್ಚು ಪಡ್ತಿದ್ದಿದ್ದು?”

“ಹೊಟ್ಟೆಕಿಚ್ಚಲ್ಲ ರೀ. ಪಾಪ, ಅವರ ಕಾಲುಗಳ ಮೇಲಿನ ಕನಿಕರ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಯೌವನದ ಅರ್ಧ ಆಸ್ತಿ ಕೈಬಿಟ್ಟು ಹೋದ ಹಾಗಾಯಿತು. ಅಷ್ಟರಲ್ಲಿ ಟೀಚರ್, “ಮೊದಲ ನೃತ್ಯ ಮುನ್ನಡೆಸೋದು ಈ ಅಮ್ಮ. ಅಮ್ಮಾ, ಜೊತೆಗೆ ಯಾರು ಬೇಕೋ ನೀವೇ ಆರಿಸ್ಕೊಳ್ಳಿ,” ಎಂದಳು. ಹಿಂಬಾಲಿಸುವವರ ಸಾಲಿನ ಕೊನೆಗೆ ನನ್ನನ್ನು ಕಳಿಸಲಾಯಿತು. ದಂತವೈದ್ಯೆ ಮೆಲ್ಲಗೆ ಕಾಲು ಹಿಂದಕ್ಕೆಳೆದುಕೊಂಡರು.

ಹೆಂಡತಿ ಸಾಲನ್ನು ನೋಡುತ್ತ ಬಂದಳು. ತಾನಾಗಿಯೇ ಈ ಸಾಲಿಗೆ ನುಗ್ಗಿದ್ದ ಬೇಕರಿಯವನು ಕ್ರಾಪು ಸರಿಮಾಡಿಕೊಂಡ. ನಾನು ಹೊಟ್ಟೆ ಒಳಕ್ಕೆಳೆದುಕೊಂಡು ಉಸಿರು ಬಿಗಿಹಿಡಿದೆ. ಮದುವೆಗೆ ಅವಳು ಒಪ್ಪುತ್ತಾಳೋ ಇಲ್ಲವೋ ಎಂದು ಕಾಯುವಾಗಲೂ ನನಗೆ ಇಷ್ಟು ಭಯವಾಗಿರಲಿಲ್ಲ. ಅವಳು ಬೇಕರಿಯವನನ್ನು ದಾಟಿ ಬಂದು, ನನ್ನ ಮುಂದೆ ನಿಂತು, ಕೈ ಚಾಚಿದಳು.

ನನ್ನ ಕಣ್ಣು ಮಂಜಾಯಿತು. ಆ ಹಳೆಯ ಸಂಜೆಗಳ ಬಗ್ಗೆ ಒಂದು ಸಿಹಿ ಮಾತು ಕೇಳುವ ಆಸೆಯಿಂದ ಪಿಸುಗುಟ್ಟಿದೆ: “ಇಷ್ಟೆಲ್ಲ ಆದ್ಮೇಲೂ ನನ್ನನ್ನೇ ಯಾಕೆ ಆರಿಸ್ದೆ?”

ಅವಳು ನನ್ನ ಕಾಲರ್ ಸರಿಪಡಿಸುತ್ತ ಹೇಳಿದಳು: “ಇನ್ನೊಬ್ಬರನ್ನ ಮೊದಲಿಂದ ತಿದ್ದೋ ತಾಳ್ಮೆ ಈ ವಯಸ್ಸಲ್ಲಿ ಯಾರಿಗಿದೆ ರೀ?”