ಚಿತ್ರಶಾಲೆಯಲ್ಲಿ ಎದೆ ಧಸಕ್ಕೆಂದದ್ದು

ಬಸವನಗುಡಿಯಲ್ಲಿ ಕಲಾವಿದರೊಬ್ಬರು ತೀರಿಕೊಂಡ ಮೇಲೆ ಅವರ ಮಗ ಮನೆಯನ್ನೇ ಚಿತ್ರಶಾಲೆ ಮಾಡಿದರು. ಗೋಡೆ ತುಂಬ ಆ ಒಬ್ಬರದೇ ಚಿತ್ರಗಳು. ತೊಂಬತ್ತರ ದಶಕದಲ್ಲಿ, ಬಂದವರಿಗೆ ಅವನ್ನು ತೋರಿಸಿ ವಿವರಿಸುವ ಕೆಲಸಕ್ಕೆ ನಾನು ಸೇರಿದೆ. ನೆಮ್ಮದಿಯ ಕೆಲಸ ಅಂದುಕೊಂಡಿದ್ದೆ. ವಾರಕ್ಕೊಂದು ಸಲವಾದರೂ ಎದೆ ಧಸಕ್ಕೆನ್ನುತ್ತಿತ್ತು.

ಗಂಡಿನ ಕಡೆಯವರು

ಪಕ್ಕದಲ್ಲೇ ಮದುವೆ ಛತ್ರ. ಒಂದು ಸಂಜೆ ತಿಂಡಿ ಮುಗಿಸಿ ತಡವಾಗಿ ಬಂದು ನೋಡಿದರೆ ನಮ್ಮ ಹಾಲ್ ತುಂಬ ರೇಷ್ಮೆ ಸೀರೆಗಳು, ಸೂಟ್‌ಕೇಸುಗಳು. ಹಿರಿಯರೊಬ್ಬರು ಮುಖ ಗಂಟಿಕ್ಕಿಕೊಂಡು ಕೂತಿದ್ದರು.

"ಬಂದು ಅರ್ಧ ಗಂಟೆ ಆಯ್ತು, ಒಂದು ಲೋಟ ಕಾಫಿಗೂ ದಿಕ್ಕಿಲ್ಲ. ಹೆಣ್ಣಿನ ಕಡೆಯವರು ಎಲ್ರೀ?"

ನಾನು ಸೂಟ್‌ಕೇಸುಗಳನ್ನು ದಾಟಿ ಹತ್ತಿರ ಹೋದೆ. "ಸಾರ್, ಇದು ಚಿತ್ರಶಾಲೆ. ಛತ್ರ ಪಕ್ಕದ್ದು."

ಅವರು ಗೋಡೆಗಳತ್ತ ಒಮ್ಮೆ ಕಣ್ಣಾಡಿಸಿದರು. "ಅದಕ್ಕೇ ಅಂದ್ಕೊಂಡೆ, ಡೆಕೋರೇಷನ್‌ಗೆ ಇಷ್ಟು ಧಾರಾಳ ಇರೋರು ಕಾಫಿಗ್ಯಾಕೆ ಜಿಪುಣತನ ಮಾಡ್ತಾರೆ ಅಂತ."

ಕುಂಕುಮ

ಕೆಂಪು ಸೀರೆಯುಟ್ಟು ಕೂತ ಹೆಂಗಸಿನ ದೊಡ್ಡ ಚಿತ್ರವೊಂದಿತ್ತು. ನಾನು ಆಚೆ ತಿರುಗಿ ಈಚೆ ತಿರುಗುವಷ್ಟರಲ್ಲಿ ಅಕ್ಕಿಪೇಟೆಯ ಅಜ್ಜಿಯೊಬ್ಬರು ಅದರ ಹಣೆಗೆ ಕುಂಕುಮವಿಟ್ಟು ಕೈಮುಗಿದು ನಿಂತಿದ್ದರು. ನಾನು ಓಡಿಹೋಗಿ ನೋಡಿದೆ. ಸದ್ಯ, ಮೇಲೆ ಗಾಜಿತ್ತು.

"ಅಜ್ಜೀ, ಅದು ದೇವಿಯಲ್ಲ. ಕಲಾವಿದರ ಅತ್ತೆ."

ಅಜ್ಜಿ ಚಿತ್ರಕ್ಕೆ ಇನ್ನಷ್ಟು ಹತ್ತಿರ ಹೋಗಿ ನೋಡಿದರು. "ಹೆಣ್ಣು ಕೊಟ್ಟ ಅತ್ತೇನ ಇಷ್ಟು ಲಕ್ಷಣವಾಗಿ ಬರೆದಿದಾನಾ? ಹಾಗಾದ್ರೆ ಅವನ ಫೋಟೋ ಎಲ್ಲಿದೆ ಹೇಳಪ್ಪ, ಅದಕ್ಕೇ ಕೈಮುಗೀತೀನಿ."

ವಿರಹಿಣಿ

ಕೆನ್ನೆಗೆ ಕೈಯಿಟ್ಟು ಕಿಟಕಿಯಾಚೆ ನೋಡುವ ಹುಡುಗಿ ನಮ್ಮಲ್ಲಿನ ಹೆಸರುವಾಸಿ ಚಿತ್ರ. ಇನಿಯನಿಗಾಗಿ ಕಾದ ವಿರಹಿಣಿ ಅಂತ ಎಂಟು ವರ್ಷ ಹೇಳಿ ಹೇಳಿ ನನಗೇ ಕಣ್ಣು ತುಂಬುತ್ತಿತ್ತು. ಒಂದು ದಿನ ಕಾಲೇಜಿನ ಮೇಡಂ ಒಬ್ಬರು ವಿದ್ಯಾರ್ಥಿಗಳನ್ನು ಕರೆತಂದರು. ಕಲಾವಿದರ ಮಗನೂ ಬಂದು ನಿಂತಿದ್ದರು. ನಾನು ಹುರುಪಿನಿಂದ ವಿರಹ ವರ್ಣಿಸುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು.

ಹಿಂದೆ ಒಬ್ಬರೇ ನಿಂತು ನೋಡುತ್ತಿದ್ದ ವಯಸ್ಸಾದ ಹೆಂಗಸು ಮೆಲ್ಲಗೆ ಅಂದರು: "ಇಲ್ಲಪ್ಪ, ಅದು ನಾನೇ. ಗವಿಪುರದಲ್ಲಿ ನಮ್ಮ ಮನೆ ಪಕ್ಕ ಇದ್ರು ಅವರು. ಆವತ್ತು ನನಗೆ ವಿಪರೀತ ಹಲ್ಲುನೋವು. ಹಾಗೇ ಕೂತಿರಮ್ಮ ಅಂತ ಹೇಳಿ ಬರೆದ್ರು."

ಆಕೆ ತುಟಿ ಎಳೆದು ಹಲ್ಲು ಕೀಳಿಸಿದ ಜಾಗವನ್ನೂ ತೋರಿಸಿದರು. ಕಲಾವಿದರ ಮಗನ ಮುಖ ಬಿಳಿಚಿತು. ನಾನು ಗೋಡೆ ಹಿಡಿದುಕೊಂಡೆ.

ಮುಂದೆ ನಿಂತಿದ್ದ ಹುಡುಗಿ ಮಾತ್ರ ಬರೆದಿದ್ದನ್ನು ನೀಟಾಗಿ ಹೊಡೆದುಹಾಕಿ ಕೇಳಿದಳು:

"ಆಂಟಿ, ದವಡೆ ಹಲ್ಲಾ, ಮುಂದಿನ ಹಲ್ಲಾ? ಪರೀಕ್ಷೇಲಿ ಕೇಳ್ತಾರೆ."