ಹುಣಸೆಮರದ ಅಹವಾಲು

ನಾಲ್ಕು ಜನರ ಮುಂದೆ ಬಾಯಿ ಬಿಡಲಾಗದವರಿಗೆ ಈ ಲೋಕದಲ್ಲಿ ನ್ಯಾಯವಿಲ್ಲ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಲ್ಲ ಎಂಬ ಭಯಕ್ಕೇ ನಾನು ಶಾಲೆ ಬಿಟ್ಟೆ. (ಗಣಿತವೂ ಒಂದು ಕಾರಣ. ಸುಳ್ಳು ಹೇಳಬಾರದು.) ಆಮೇಲೆ ಅಮ್ಮನ ಪಪ್ಪಾಯಿ ಸಲಾಡಿನ ಗಾಡಿಯ ಹಿಂದೆ ಕುಳಿತು ಒರಳಿನಲ್ಲಿ ಮೆಣಸಿನಕಾಯಿ ಕುಟ್ಟುತ್ತಾ ಸುಖವಾಗಿದ್ದೆ. ಸದ್ದು ಮಾಡುವ ಕೆಲಸವನ್ನೆಲ್ಲ ಒರಳೇ ನೋಡಿಕೊಳ್ಳುತ್ತಿತ್ತು.

ಅಷ್ಟರಲ್ಲಿ ನಗರಸಭೆಯವರಿಗೆ ನಮ್ಮ ಓಣಿಯ ಮೇಲೆ ಪ್ರೀತಿ ಉಕ್ಕಿತು. ಬ್ಯಾಂಕಾಕಿನಿಂದ ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರದಲ್ಲಿರುವ ನಮ್ಮ ಊರಿಗೂ 'ಬಡಾವಣೆಯ ಸಮಗ್ರ ಪುನರುತ್ಥಾನ' ಆಗಬೇಕಂತೆ. ಹೊಸ ಮನೆಗಳು, ಹೊಸ ಚರಂಡಿ, ಅಗಲವಾದ ರಸ್ತೆ. ನಕ್ಷೆಯಲ್ಲಿ ಎಲ್ಲವೂ ಇತ್ತು, ಅಮ್ಮನ ಗಾಡಿಗೆ ನೆರಳು ಕೊಡುವ ಹುಣಸೆಮರ ಒಂದನ್ನು ಬಿಟ್ಟು. ಏಪ್ರಿಲ್ ಬಿಸಿಲಿನಲ್ಲಿ ನೆರಳಿಲ್ಲದೆ ನಿಂತು ಖಾರ ತಿನ್ನುವ ಗಿರಾಕಿ ಇನ್ನೂ ಹುಟ್ಟಿಲ್ಲ. ಮರ ಹೋದರೆ ಗಾಡಿಯೂ ಹೋದಂತೆ.

"ಅಹವಾಲು ಸಭೆ ಇದೆಯಂತೆ. ಹೋಗಿ ಒಂದು ಮಾತು ಹೇಳ್ಬನ್ನಿ," ಎಂದಳು ಅಮ್ಮ.

"ನಾನು ಬಾಯಿ ಬಿಟ್ರೆ ಜಗಳ ಆಗುತ್ತೆ ಕಣೇ," ಎಂದರು ಅಪ್ಪ.

"ಮನೇಲಿ ಬಾಯಿ ಬಿಟ್ರೆ ಬರೀ ಗೊರಕೆ ಬರುತ್ತೆ, ಅಲ್ಲಿ ಜಗಳ ಬರುತ್ತಾ? ಕುಂಗ್, ನೀನೇ ಹೋಗೇ. 'ಮರ ಕಡೀಬೇಡಿ' ಅಂದು ಬಾ, ಸಾಕು."

(ಕುಂಗ್ ಎಂದರೆ ಸೀಗಡಿ. ಹುಟ್ಟಿದಾಗ ಮುದುಡಿಕೊಂಡಿದ್ದೆನಂತೆ. ಹದಿನೇಳು ತುಂಬಿದರೂ ನೆಟ್ಟಗಾಗಿಲ್ಲ.)

ಮೈಕಿನ ಮುಂದೆ ಮಾತಾಡುವುದೇ! ಆಗಲೇ ನನ್ನ ತಲೆಗೆ ಆ ದಿವ್ಯ ಉಪಾಯ ಹೊಳೆದದ್ದು. ಬಣ್ಣದ ಬಟ್ಟೆ ಕಟ್ಟಿದ ಮರದಲ್ಲಿ ದೇವತೆ ಇದ್ದಾಳೆಂದು ನಮ್ಮಲ್ಲಿ ಯಾರೂ ಅದಕ್ಕೆ ಕೊಡಲಿ ಎತ್ತುವುದಿಲ್ಲ. ಮರುದಿನ ನಸುಕಿನಲ್ಲಿ ಎದ್ದು ಕಾಂಡಕ್ಕೆ ಕೆಂಪು, ಹಳದಿ, ಹಸಿರು ಬಟ್ಟೆ ಸುತ್ತಿ, ಬುಡದಲ್ಲಿ ಕೆಂಪು ಸೋಡಾ ಬಾಟಲಿ ಇಟ್ಟೆ. ಅದಕ್ಕೆ ಸ್ಟ್ರಾ ಹಾಕುವುದನ್ನೂ ಮರೆಯಲಿಲ್ಲ. ಇಲ್ಲದಿದ್ದರೆ ದೇವತೆ ಕುಡಿಯುವುದು ಹೇಗೆ?

ಮೊದಲು ನೋಡಿದವರು ಪಕ್ಕದ ಮನೆಯ ಬುಪ್ಪಾ ದೊಡ್ಡಮ್ಮ. "ಈ ಮರದಲ್ಲಿ ಒಬ್ಬಳು ಅಜ್ಜಿ ಇದ್ದಾಳೆ ಅಂತ ನಾನು ಬಡ್ಕೋತಾನೇ ಇರಲಿಲ್ವಾ?" ಎಂದರು. (ಇರಲಿಲ್ಲ.) ಸಂಜೆಯೊಳಗೆ ಅಜ್ಜಿಗೆ ಹೂಮಾಲೆ, ರೇಷ್ಮೆ ಉಡುಪು, ಬಾಚಣಿಗೆ ಎಲ್ಲವೂ ಬಂದವು. ದೊಡ್ಡಮ್ಮ ತೊಗಟೆಗೆ ಪೌಡರ್ ಉಜ್ಜಿ, ಕಣ್ಣು ಕಿರಿದು ಮಾಡಿ ಅದರ ಗೆರೆಗಳಲ್ಲಿ ಲಾಟರಿ ನಂಬರ್ ಹುಡುಕಿದರು. ಗ್ರಹಚಾರಕ್ಕೆ ಆ ನಂಬರಿಗೆ ಬಹುಮಾನ ಹೊಡೆದೇಬಿಟ್ಟಿತು! ಮುಂದೆ ಕೇಳಬೇಕೇ? ಪೌಡರ್ ಡಬ್ಬಿ ಹಿಡಿದವರ ಸಾಲು ಮಾರ್ಕೆಟ್ಟಿನವರೆಗೂ ಬೆಳೆಯಿತು. ಸಾಲಿನಲ್ಲಿ ನಿಂತವರೆಲ್ಲ ಸಲಾಡ್ ತಿಂದರು. ಅಪ್ಪ ಅಜ್ಜಿಯ ಅಧಿಕೃತ ವಕ್ತಾರರಾದರು.

"ನಾನು ಚಿಕ್ಕವನಿದ್ದಾಗ ಅಜ್ಜಿ ಬಂದು ನನ್ನ ಕಿವಿ ಹಿಂಡಿದ್ಲು ಗೊತ್ತಾ?"

"ಇನ್ನೂ ಸ್ವಲ್ಪ ಜೋರಾಗಿ ಹಿಂಡಿದ್ರೆ ನನಗೆ ಉಪಕಾರ ಆಗ್ತಿತ್ತು," ಎಂದಳು ಅಮ್ಮ.

ಸಭೆಯ ದಿನ ಬುದ್ಧಮಂದಿರದ ಚಾವಡಿ ತುಂಬಿ ತುಳುಕಿತು. (ಹುರಿದ ಶ್ಯಾವಿಗೆಯ ಊಟವೂ ಇತ್ತೆನ್ನಿ.) ಇಂಜಿನಿಯರ್ ತಾವತ್ ಸಾಹೇಬರು ನಕ್ಷೆ ಬಿಡಿಸಿ, "ಅಜ್ಜಿಯ ಮೇಲಿನ ಗೌರವದಿಂದ ಮರ ಉಳಿಸಿಕೊಂಡಿದ್ದೇವೆ. ರಸ್ತೆಯನ್ನೇ ಸ್ವಲ್ಪ ಬಗ್ಗಿಸಿದ್ದೇವೆ," ಎಂದರು. ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರು ಅಮ್ಮನದು.

ನಾನು ಮಾತ್ರ ನಕ್ಷೆಯನ್ನು ಬೆರಳಿಟ್ಟು ನೋಡಿದೆ. ಮರದ ಆಚೆ ಕಾಲುವೆ, ಈಚೆ ನಾವು. ರಸ್ತೆಯೇನೋ ಭಕ್ತಿಯಿಂದ ಅಜ್ಜಿಗೆ ಬಾಗಿತ್ತು. ಬಾಗಿ, ನಮ್ಮ ಅಡುಗೆಮನೆಯನ್ನು ಹೊಕ್ಕು, ನನ್ನ ಹಾಸಿಗೆಯ ಮೇಲೆ ಹಾದು ಹೋಗಿತ್ತು.

ಅಮ್ಮನ ಚಪ್ಪಾಳೆ ಗಾಳಿಯಲ್ಲೇ ನಿಂತಿತು. "ಏನ್ರೀ, ಇದು ನಮ್ಮನೆ ಕಣ್ರೀ! ಮಾತಾಡ್ರೀ!"

ಅಪ್ಪ ಏಕಾಗ್ರತೆಯಿಂದ ಫ್ಯಾನ್ ನೋಡತೊಡಗಿದರು.

ನಾನು ಹೇಗೆ ಎದ್ದೆನೋ, ಮೈಕು ಕೈಗೆ ಹೇಗೆ ಬಂತೋ ತಿಳಿಯದು. "ಬೇಡ! ಮರಾನೂ ಇರ್ಲಿ, ಮನೇನೂ ಇರ್ಲಿ! ಈಗಿರೋ ರಸ್ತೆ ಸಾಕು. ಕಾರಿನೋರು ಮಾರ್ಕೆಟ್ ಹತ್ರ ಇಳಿದು ನಡ್ಕೊಂಡು ಬರ್ಲಿ, ಹೊಟ್ಟೆನಾದ್ರೂ ಕರಗುತ್ತೆ! ಮಳೆ ಬಂದ್ರೆ ಓಣೀಲಿ ಮೀನು ಓಡಾಡ್ತವೆ, ಮೊದ್ಲು ಚರಂಡಿ ಮಾಡಿ!"

ಬುಪ್ಪಾ ದೊಡ್ಡಮ್ಮ ಎದ್ದು ನಿಂತರು. "ಇದು ನಮ್ಮ ಕುಂಗ್ ಮಾತಲ್ಲ! ಹುಟ್ಟಿದಾಗಿಂದ ಆ ಮಗು ಇಷ್ಟು ಮಾತಾಡಿದ್ದು ಯಾರಾದ್ರೂ ಕೇಳಿದ್ದೀರಾ? ಅಜ್ಜಿ ಮೈಮೇಲೆ ಬಂದಿದ್ದಾಳೆ!"

ಚಾವಡಿಗೆ ಚಾವಡಿಯೇ ಕೈಮುಗಿಯಿತು. ಸಾಹೇಬರೂ ನಕ್ಷೆ ಕೆಳಗಿಟ್ಟು ಕೈಮುಗಿದರು.

"ಅಯ್ಯೋ, ಅಜ್ಜಿನೂ ಇಲ್ಲ ಗಿಜ್ಜಿನೂ ಇಲ್ಲ! ಆ ಬಟ್ಟೆ ಕಟ್ಟಿದ್ದು ನಾನೇ!"

"ಕೇಳಿದ್ರಾ? ಅಜ್ಜಿ ತಾನೇ ಕಟ್ಕೊಂಡ್ಲಂತೆ!" ಎಂದರು ದೊಡ್ಡಮ್ಮ, ಕಣ್ಣೊರೆಸಿಕೊಳ್ಳುತ್ತಾ.

ರಸ್ತೆ ಅಗಲವಾಗಲಿಲ್ಲ. ಚರಂಡಿ ಬಂತು. ಮರವಿದೆ, ಮನೆಯಿದೆ, ಅಮ್ಮ ಇನ್ನೊಂದು ಒರಳು ತಂದಿದ್ದಾಳೆ. ಎಲ್ಲರೂ ಸುಖವಾಗಿದ್ದಾರೆ, ನನ್ನೊಬ್ಬಳನ್ನು ಬಿಟ್ಟು. ಈಗ ನಗರಸಭೆಯವರು ಒಂದು ದೀಪದ ಕಂಬ ನೆಡಬೇಕಾದರೂ ನನಗೆ ಹಾರ ಹಾಕಿ ಮೈಕು ಕೊಡುತ್ತಾರೆ.

ನಿನ್ನೆ ಸಾಹೇಬರು ಮನೆಗೇ ಬಂದರು. "ಕಸದ ತೊಟ್ಟಿ ಯಾರ ಮನೆ ಮುಂದೆ ಇಡ್ಬೇಕು ಅಂತ ಅಜ್ಜಿ ಒಂದು ಮಾತು ಹೇಳಿದ್ರೆ ಚೆನ್ನಾಗಿತ್ತು..."

ನಾನು ಹಟ ಹಿಡಿದು ತುಟಿ ಬಿಗಿದುಕೊಂಡೆ.

"ಯೋಚನೆ ಮಾಡ್ತಿದ್ದಾಳೆ," ಎಂದು ಅಪ್ಪ ಪಿಸುಗುಟ್ಟಿದರು.

ಸಾಹೇಬರು ಚಪ್ಪಲಿ ಬಿಟ್ಟು ಒಳಗೆ ಬಂದು, ಚಾಪೆ ಹಾಸಿಕೊಂಡು, ಕಾಯುತ್ತಾ ಕುಳಿತೇಬಿಟ್ಟರು.